ಬೀಸುವ ಹಾಡಿನ ಮೂರನೆಯ ಸಾಲು

ಚೇತನಾಳಿಗೆ ಯಾವ ವಸ್ತು ಕಂಡರೂ ಅದರ ಹಿಂಬದಿ ನೋಡುವ ಚಟ. ೧೯೯೮ರಲ್ಲಿ ಇಳಕಲ್ಲಿನ ನೇಕಾರ ಮನೆತನದವರು ಹೆಣ್ಣು ನೋಡಲು ಹುನಗುಂದಕ್ಕೆ ಬಂದಾಗ, ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಈ ಹುಡುಗಿ ಪಕ್ಕದಲ್ಲಿದ್ದ ಭಾವೀ ಅತ್ತೆಯ ಸೆರಗನ್ನು ಮೆಲ್ಲಗೆ ತಿರುವಿ ಹಾಕಿದಳಂತೆ. ಸೀರೆಯ ಮೈಯ ನೂಲಿಗೆ ಸೆರಗಿನ ರೇಷ್ಮೆಯನ್ನು ಎಲ್ಲಿ ಜೋಡಿಸಿದ್ದಾರೆಂದು ಅವಳಿಗೆ ನೋಡಬೇಕಾಗಿತ್ತು. ಅವಳ ತಾಯಿ ಗಾಬರಿಯಾದರು. ಅತ್ತೆಯಾಗಲಿದ್ದ ಅಂಬವ್ವ ಮಾತ್ರ ಸೆರಗನ್ನು ಇನ್ನಷ್ಟು ಹತ್ತಿರ ಹಿಡಿದು, “ಇಲ್ಲೈತಿ ನೋಡ ಯವ್ವಾ ಕೊಂಡಿ. ಎಳಿಗೆ ಎಳಿ ಸಿಗಿಸಿರ್ತೇವಿ, ಗಂಟ ಇರೂದಿಲ್ಲ” ಎಂದರು. ತಿರುಗಿ ಹೋಗುವಾಗ ಮಗ ರಾಜೇಶನಿಗೆ ಅವರು ಹೇಳಿದ್ದು ಇಷ್ಟೇ: “ಈ ಹುಡುಗಿ ನಮ್ಮನಿಗಿ ಇರಲಿ.”

ಇದನ್ನು ನನಗೆ ಹೇಳಿದವಳು ಚೇತನಾಳೇ. ನಾನು ಹುನಗುಂದದ ಶಾಲೆಯೊಂದರಲ್ಲಿ ಕನ್ನಡ ಮಾಸ್ತರ. ೨೦೦೫ರಲ್ಲಿ ನಮ್ಮ ಶಾಲೆಗೆ ವೆಬ್‌ಸೈಟ್ ಮಾಡಿಕೊಡಲು ಅವಳು ಬಂದಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ, “ನಿಮ್ಮ ಅತ್ತೆಯ ಹಾಡಿನ ಪುಟ ನಾನೂ ನೋಡೇನಿ. ಆ ಮೂರನೇ ಸಾಲಿನ ಕತಿ ಖರೆ ಏನ?” ಎಂದು ಕೇಳಿದೆ. ಎರಡು ರೊಟ್ಟಿ ಮುಗಿದರೂ ಕತೆ ಮುಗಿಯಲಿಲ್ಲ.

ಇಳಕಲ್ಲಿನ ಆ ಮನೆಯ ಒಳಕೋಣೆಯಲ್ಲಿ ಕುಣಿಮಗ್ಗ, ಹೊರಕೋಣೆಯಲ್ಲಿ ರಾಜೇಶನ ಎಸ್‌ಟಿಡಿ ಬೂತು. ಮದುವೆ ಪತ್ರಿಕೆ, ಅರ್ಜಿ ಟೈಪ್ ಮಾಡಿಕೊಡಲು ಅವನು ಒಂದು ಹಳೆಯ ಕಂಪ್ಯೂಟರ್ ತಂದಿಟ್ಟಿದ್ದ. ಒಂದು ದಿನ ಇಂಟರ್ನೆಟ್ಟಿನಲ್ಲಿ ಯಾವುದೋ ಪುಟ ನೋಡುತ್ತ ಚೇತನಾ ಮೌಸಿನ ಬಲಗುಂಡಿ ಒತ್ತಿದಳು. ಪುಟ ಹೇಗೆ ಕಟ್ಟಿದೆಯೆಂದು ತೋರಿಸುವ ಬರಹವೆಲ್ಲ ಸಾಲುಸಾಲಾಗಿ ತೆರೆದುಕೊಂಡಿತು.

“ರೀ, ಬರ್ರಿ ಇಲ್ಲೆ! ಇದಕ್ಕೂ ಹಿಂಬದಿ ಐತ್ರಿ!” ಎಂದು ಗಂಡನನ್ನು ಕೂಗಿದಳು. ಫೋನ್ ಮಾಡಲು ಬಂದು, ಇಂಟರ್ನೆಟ್ ಹಚ್ಚಿದ್ದರಿಂದ ಲೈನು ಸಿಗದೆ ಕಾಯುತ್ತಿದ್ದ ಇಬ್ಬರು ಗಿರಾಕಿಗಳೂ ಎದ್ದು ಬಂದು ನೋಡಿದರಂತೆ.

ಮಗಳು ಪ್ರೀತಿಗೆ ಒಂದು ವರ್ಷ ತುಂಬಿದ ಮೇಲೆ, ಚೇತನಾ ಬಾಗಲಕೋಟೆಯ ನವನಗರದಲ್ಲಿ ವೆಬ್ ಡಿಸೈನ್ ಕಲಿಸುವ ತರಗತಿಗೆ ಸೇರಿದಳು. ವಾರಕ್ಕೆ ಮೂರು ದಿನ ಬಸ್ಸು. ಹಳೇ ಊರನ್ನು ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟು ಬಂದವರ ಮಕ್ಕಳೇ ಆ ತರಗತಿಯಲ್ಲಿ ಹೆಚ್ಚು. ಅಷ್ಟು ಹೊತ್ತೂ ಕೂಸು ಅಂಬವ್ವನ ತೊಡೆಯ ಮೇಲೆ.

ಕಲಿತ ಮೇಲೆ ಅವಳ ಮೊದಲ ಕೆಲಸ ರಾಚಪ್ಪ ಎಂಬ ಸೀರೆ ವ್ಯಾಪಾರಿಗೆ ಪುಟ ಮಾಡಿಕೊಡುವುದು. ರಾಚಪ್ಪ ಪರದೆಯ ಮೇಲಿನ ಸೀರೆಯ ಕೆಂಪನ್ನು ನೋಡಿ ಮುಖ ಕಿವುಚಿದರು. “ಇದು ಟೊಮೆಟೊ ಆತು ತಂಗಿ. ನಮ್ಮದು ದಾಳಿಂಬರಿ ಕೆಂಪ.” ಚೇತನಾ ಬಣ್ಣದ ಅಂಕಿಗಳನ್ನು ಬದಲಿಸಿ ಬದಲಿಸಿ ಸೋತಳು. ಕೊನೆಗೆ ಅಂಬವ್ವ ಸ್ಟೂಲ್ ಎಳೆದುಕೊಂಡು ಕೂತು, ಬಣ್ಣದ ಕೊಪ್ಪರಿಗೆಯ ಮುಂದೆ ಕೂತವರಂತೆ ಹೇಳುತ್ತ ಹೋದರು: “ಇನ್ನೊಂದೀಟ ಕಪ್ಪ ಹಾಕು. ಸಾಕ ಸಾಕ. ಈಗ ಒಂಚೂರ ನೀಲಿ.” ಹನ್ನೊಂದನೆಯ ಸಲಕ್ಕೆ ದಾಳಿಂಬರಿ ಬಂತು. ರಾಚಪ್ಪ ಒಪ್ಪಿದರು.

ಆ ದಿನದಿಂದ ಅತ್ತೆ ಸೊಸೆ ಕಂಪ್ಯೂಟರಿನ ಮುಂದೆ ಜೊತೆಯಾಗಿ ಕೂರುವುದು ರೂಢಿಯಾಯಿತು. ಚೇತನಾ ತನ್ನದೇ ಒಂದು ಪುಟ ಮಾಡಿಕೊಂಡಳು. ಅಂಬವ್ವನ ಅಡಿಗೆಗಳನ್ನು ಅದರಲ್ಲಿ ಬರೆದಳು: ಪುಂಡಿಪಲ್ಯಕ್ಕೆ ನುಚ್ಚು ಯಾವಾಗ ಹಾಕಬೇಕು, ಅಗಸಿ ಹಿಂಡಿಗೆ ಬೆಳ್ಳುಳ್ಳಿ ಸುಲಿಯಬೇಕೋ ಬೇಡವೋ. ಆಗಿನ ಕಂಪ್ಯೂಟರುಗಳಲ್ಲಿ ಕನ್ನಡ ಬರೆದರೆ ಓದುವವರಿಗೆ ಬರೀ ಚೌಕಳಿ ಕಾಣುತ್ತಿದ್ದವು. ಅದಕ್ಕೆ ಪ್ರತಿಯೊಂದು ಪುಟವನ್ನೂ ಕನ್ನಡದಲ್ಲಿ ಟೈಪ್ ಮಾಡಿ, ಚಿತ್ರವಾಗಿ ಪರಿವರ್ತಿಸಿ ಹಾಕುತ್ತಿದ್ದಳು. ಒಂದು ತಪ್ಪಕ್ಷರ ತಿದ್ದಬೇಕೆಂದರೆ ಇಡೀ ಚಿತ್ರ ಮತ್ತೆ ಮಾಡಬೇಕು.

ಅಡಿಗೆಯಾದ ಮೇಲೆ ಹಾಡಿಗೆ ಬಂದಳು. ಅಂಬವ್ವ ಪ್ರೀತಿಯನ್ನು ಮಲಗಿಸುವಾಗ ಜೋಗುಳ ಹಾಡುತ್ತಿರಲಿಲ್ಲ. ಅವರು ಹಾಡುತ್ತಿದ್ದುದು ಜೋಳ ಬೀಸುವ ಹಾಡು. ಗಿರಣಿ ಬಂದು ಎಷ್ಟೋ ವರ್ಷವಾಗಿತ್ತು, ಕಲ್ಲು ಹಿತ್ತಲಲ್ಲಿ ಮೂಲೆ ಸೇರಿತ್ತು, ಹಾಡು ಉಳಿದಿತ್ತು.

ಕಲ್ಲ ತಿರಗತೈತಿ, ಕೈಬಳಿ ಕುಣಿತಾವ
ಮೊರದಾನ ಜ್ವಾಳ ಕರಗವಲ್ದು
ಹೂಂ ಹೂಂಹೂಂ ಹೂಂ ಹೂಂ
ಬರತೈತಿ ತಡಿ ಗೆಳತಿ, ಬಾಗಿಲಿಗಿ

“ಅತ್ತೀ, ಮೂರನೇ ಸಾಲಿನ್ಯಾಗ ಮಾತ ಏನ್ರಿ?”

“ಮಾತ ಇಲ್ಲ ಅಲ್ಲಿ. ಬರೇ ದನಿ.”

“ಹೆಂಗ ಇರೂದಿಲ್ಲ? ಏನೋ ಬರತೈತಿ ಅಂತ ಆಮ್ಯಾಲ ಹೇಳ್ತೀರಲ್ಲ. ಏನ ಬರತೈತಿ?”

ಅಂಬವ್ವ ಯೋಚಿಸಿದರು. ಆ ಪ್ರಶ್ನೆ ಐವತ್ತು ವರ್ಷಗಳಲ್ಲಿ ಅವರಿಗೆ ಬಂದೇ ಇರಲಿಲ್ಲ. “ಇತ್ತೇನೋ ಯವ್ವಾ. ಮರತೇನಿ” ಎಂದು ಒಳಗೆ ಹೋದರು. ಅವತ್ತು ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಚೇತನಾ ಹಾಡನ್ನು ಹಾಗೆಯೇ ಪುಟಕ್ಕೆ ಹಾಕಿದಳು. ಮೂರನೆಯ ಸಾಲಿನ ಜಾಗದಲ್ಲಿ ಒಂದು ಗೆರೆ ಎಳೆದು, ಗೊತ್ತಿದ್ದವರು ತಿಳಿಸಿ ಎಂದು ಕೆಳಗೆ ಬರೆದಳು. ಉತ್ತರ ಬರತೊಡಗಿದವು. ‘ತವರ ಬಂಡಿ’ ಎಂದು ಗದಗಿನವರೊಬ್ಬರು ಬರೆದರು. ಮಳೆ ಇರಬೇಕೆಂದು ದೋಹಾದಿಂದ ಬೀಳಗಿಯ ಕಡೆಯ ಒಬ್ಬ ಡ್ರೈವರ್ ಬರೆದ. ರಾಜೇಶ ಊಟಕ್ಕೆ ಕೂತಾಗ ತಾಯಿಯನ್ನೇ ಕೇಳಿದ: “ಯವ್ವಾ, ಖರೆ ಹೇಳು. ಯಾರದರ ಹೆಸರ ಇತ್ತೇನ?”

“ಹೆಸರಿದ್ದರ ‘ಬರತಾನ’ ಅಂತಿದ್ದಿಲ್ಲೇನೋ? ಉಣ್ಣ ಸುಮ್ಮನ” ಎಂದು ಅಂಬವ್ವ ಗದರಿದರು. ಆದರೆ ಅವರಿಗೂ ಈಗ ಆ ಸಾಲು ಹಲ್ಲಿನಲ್ಲಿ ಸಿಕ್ಕ ನಾರಿನಂತೆ ಕಾಡುತ್ತಿತ್ತು. ಒಂದು ಮುಂಜಾನೆ ಸೊಸೆಯನ್ನು ಕರೆದು, “ಕಾಸಿಂಬಿಗೆ ಗೊತ್ತಿರತೈತಿ” ಎಂದರು.

ಅಂಬವ್ವನ ತವರು ಕುಳಗೇರಿ ಕ್ರಾಸಿನ ಹತ್ತಿರದ ಒಂದು ಸಣ್ಣ ಹಳ್ಳಿ. ಅಲ್ಲಿ ಅವರ ಪಕ್ಕದ ಮನೆ ಹತ್ತಿ ಹಿಂಜುವ ಪಿಂಜಾರರದು. ಅವರ ಮಗಳು ಕಾಸಿಂಬಿ ಅಂಬವ್ವನ ಓರಗೆಯವಳು. ಎರಡು ಮನೆಗೂ ಸೇರಿ ಇದ್ದದ್ದು ಒಂದೇ ದೊಡ್ಡ ಬೀಸುವ ಕಲ್ಲು. ಇಬ್ಬರು ಹುಡುಗಿಯರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದರು. ಹದಿನೈದಕ್ಕೆ ಅಂಬವ್ವನ ಮದುವೆಯಾಯಿತು. ಆಮೇಲೆ ಅವರು ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಕಾಸಿಂಬಿಯ ಮಗ ಕ್ರಾಸಿನಲ್ಲಿ ಚಹಾದ ಹೋಟೆಲ್ ಇಟ್ಟಿದ್ದಾನೆಂದು ಹತ್ತು ವರ್ಷದ ಹಿಂದೆ ಯಾರೋ ಹೇಳಿದ್ದರು.

“ಹತ್ತು ವರ್ಷದಿಂದ ಗೊತ್ತೈತಿ, ಒಮ್ಮೆರ ಹೋಗಬೇಕಿಲ್ರಿ?”

“ಹೋಗಿ ಏನಂತ ಹೇಳಲಿ? ಈಗ ಕೇಳೂದ ಒಂದ ಐತಲ್ಲ.”

೨೦೦೪ರ ಮಾರ್ಚಿನಲ್ಲಿ ಇಬ್ಬರೂ ಹೊರಟರು. ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ, ಬಾದಾಮಿಯ ಬಸ್‌ಸ್ಟ್ಯಾಂಡಿನಲ್ಲಿ ರೊಟ್ಟಿ ತಿಂದು, ಕುಳಗೇರಿ ಕ್ರಾಸಿನಲ್ಲಿ ಇಳಿದಾಗ ಮೂರು ಗಂಟೆಯ ಬಿಸಿಲು. ಹೋಟೆಲ್ ಹುಡುಕುವುದು ಕಷ್ಟವಾಗಲಿಲ್ಲ. ಒಲೆಯ ಮುಂದೆ ಮಿರ್ಚಿ ಕರಿಯುತ್ತಿದ್ದ ಜಹಾಂಗೀರ, “ಏನ ಬೇಕ್ರಿ ಅಮ್ಮಾರ?” ಎಂದ.

“ನಿಮ್ಮವ್ವ ಬೇಕು” ಎಂದರು ಅಂಬವ್ವ.

ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ಮುದುಕಿ ತಲೆ ಎತ್ತಿ ನೋಡಿದಳು. ಗುರುತು ಹತ್ತಲಿಲ್ಲ. ಅಂಬವ್ವ ಹೆಸರು ಹೇಳಲಿಲ್ಲ, ಬಾಗಿಲಲ್ಲೇ ನಿಂತು ಎರಡು ಸಾಲು ಹಾಡಿದರು. ಮೂರನೆಯದಕ್ಕೆ ಬಂದು ಹೂಂಗುಟ್ಟುವಷ್ಟರಲ್ಲಿ ಈಳಿಗೆ ಬದಿಗೆ ಸರಿಯಿತು.

“ಅಂಬೀ! ಇನ್ನೂ ಬಾಯಿ ಮುಚಗೊಂಡ ಹಾಡತಿಯೇನ? ನಿಮ್ಮವ್ವ ಸತ್ತ ಎಷ್ಟ ವರ್ಷಾತು?”

“ಅಂದರ?”

ಕಾಸಿಂಬಿ ನಗತೊಡಗಿದವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು. ಆ ಸಾಲಿಗೆ ಗೊತ್ತಾದ ಮಾತೇ ಇರಲಿಲ್ಲ. ಕಲ್ಲಿಗೆ ಕೂತವಳು, ತನಗೆ ಅವತ್ತು ಏನು ತಿನ್ನಬೇಕೆನಿಸಿದೆಯೋ ಅದನ್ನು ಅಲ್ಲಿ ಸೇರಿಸಿ ಹಾಡಬೇಕು. ಎದುರಿನವಳು ‘ಬರತೈತಿ ತಡಿ’ ಎಂದು ಸಮಾಧಾನ ಹೇಳಬೇಕು. ದಿನಾ ಜೋಳವನ್ನೇ ಬೀಸಿ ಜೋಳವನ್ನೇ ಉಣ್ಣುವ ಹುಡುಗಿಯರ ಆಟ ಅದು. ಒಬ್ಬಳು ಬಿಳಿ ಅನ್ನ ಎನ್ನುತ್ತಿದ್ದಳು, ಇನ್ನೊಬ್ಬಳು ಕರದಂಟು.

“ನಾ ಏನಂತಿದ್ದೆ?” ಅಂಬವ್ವ ಕೇಳಿದರು.

“ನೀನಾ? ‘ಕಾಸಿಯ ಮನಿಯ ಸಿರಕುರ್ಮಾ’ ಅಂತಿದ್ದಿ. ನಮ್ಮ ಹಬ್ಬದ ದಿನ ವಾಸನಿ ನಿಮ್ಮ ಹಿತ್ತಲಕ್ಕ ಬರ್ತಿತ್ತಲ್ಲ. ನಿಮ್ಮವ್ವ ಒಮ್ಮೆ ಕೇಳಿಸಿಕೊಂಡು ಬೆನ್ನಮ್ಯಾಲ ಬಿಟ್ಟಳು. ಅವತ್ತಿಂದ ನೀ ಬಾಯಿ ಮುಚಗೊಂಡ ಹೂಂ ಹೂಂ ಅನ್ನಾಕ ಹತ್ತಿದಿ. ನನಗೊಬ್ಬಾಕಿಗೆ ಗೊತ್ತಿತ್ತು ಏನಂತಿ ಅಂತ.”

ಅಂಬವ್ವ ಬೆಂಚಿನ ಮೇಲೆ ಕೂತರು. ಚೇತನಾ ಅವರ ಮುಖ ನೋಡಿದಳು. ಬೆನ್ನು ಮೊದಲು ನೆನಪಾಯಿತೋ ರುಚಿ ಮೊದಲೋ ಹೇಳಲಾಗದಂತೆ ಅವರು ಕೈ ಹಿಂದಕ್ಕೆ ಹಾಕಿ ಬೆನ್ನು ಸವರಿಕೊಂಡರು. ಆಮೇಲೆ, “ಕುಡದಿದ್ದೆನೇನ ಒಮ್ಮೆರ?” ಎಂದು ಕೇಳಿದರು.

“ಎಲ್ಲಿ? ಆ ವರ್ಷದ ಹಬ್ಬ ಬರೂದ್ರಾಗ ನಿನ್ನ ಮದವಿ ಆತು.” ಕಾಸಿಂಬಿ ಎದ್ದಳು. “ಜಹಾಂಗೀರಾ, ಹಾಲ ಇಳಿಸಬ್ಯಾಡ. ಶಾವಿಗಿ ತಾ, ಖರ್ಜೂರ ತಾ.”

“ಇವತ್ತ ಯಾವ ಹಬ್ಬ ಅಮ್ಮಾ?”

“ನಿನಗ ಯಾಕ? ತಾ ಅಂದ್ರ ತಾ.”

ಅರ್ಧ ತಾಸಿನಲ್ಲಿ ಬಟ್ಟಲು ಬಂತು. ಮೇಲೆ ತುಪ್ಪದಲ್ಲಿ ಹುರಿದ ಗೋಡಂಬಿ, ಸೀಳಿದ ಖರ್ಜೂರ. ಅಂಬವ್ವ ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು.

“ಕಾಸೀ, ಇದು ನಮ್ಮ ಶಾವಿಗಿ ಪಾಯಸಾನ ಐತಲ್ಲ!”

“ಪಾಯಸಕ್ಕ ಖರ್ಜೂರ ಹಾಕತೀರೇನ ನೀವು?”

“ಖರ್ಜೂರ ತಗದರ?”

“ತಗದರ ನಿಮ್ಮ ಪಾಯಸಾನ ಹೌದು” ಎಂದಳು ಕಾಸಿಂಬಿ. ಇಬ್ಬರೂ ನಗುವುದನ್ನು ಕಂಡು ಮಿರ್ಚಿ ತಿನ್ನಲು ಬಂದ ಲಾರಿಯವರೂ ನಕ್ಕರು. ಅಂಬವ್ವ ಎರಡನೆಯ ಬಟ್ಟಲು ಹಾಕಿಸಿಕೊಂಡರು.

ಸಂಜೆಯ ಬಸ್ಸಿನಲ್ಲಿ ಚೇತನಾಳಿಗೆ ಒಂದು ಅಳುಕು ಶುರುವಾಯಿತು. ಇದನ್ನು ಪುಟದಲ್ಲಿ ಬರೆಯುವುದು ಹೇಗೆ? ಮನೆತನದವರು ಓದಿದರೆ, ನೆಂಟರು ಏನಾದರೂ ಅಂದರೆ? ಕೇಳಿಯೇಬಿಡೋಣವೆಂದು, “ಅತ್ತೀ, ಇದನ್ನ ಬರೀಲಿ ಏನ್ರಿ?” ಎಂದಳು.

ಅಂಬವ್ವ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. “ಬರಿ. ಹೊಡಿಯಾಕಿ ನಮ್ಮವ್ವ. ಆಕಿ ಈಗ ಇಲ್ಲ” ಎಂದರು. ಬಾಗಲಕೋಟೆ ಹತ್ತಿರವಾದಾಗ ಮತ್ತೊಂದು ಮಾತು ಸೇರಿಸಿದರು. “ಆಕಿನೂ ಕಲ್ಲಿಗಿ ಕುಂಡ್ರತಿದ್ದಳಲ್ಲ ಚೇತನಾ. ಆಕಿ ಏನ ಹಾಡತಿದ್ದಳೋ, ನಾ ಕೇಳಲಿಲ್ಲ ನೋಡು.”

ಪುಟವನ್ನು ಹೇಗೆ ಕಟ್ಟಬೇಕೆಂದು ಚೇತನಾಳಿಗೆ ಹೊಳೆದದ್ದು ಅಲ್ಲಿಯೇ. ಮನೆಗೆ ಬಂದ ಮೇಲೆ ಗೆರೆ ಎಳೆದಿದ್ದ ಜಾಗದಲ್ಲಿ ಒಂದು ಖಾಲಿ ಡಬ್ಬಿ ಇಟ್ಟಳು. ಓದುವವರು ತಮಗೆ ತಿನ್ನಬೇಕೆನಿಸಿದ್ದನ್ನು ಅದರಲ್ಲಿ ಬರೆದರೆ, ಅದು ಇಂಗ್ಲಿಷ್ ಅಕ್ಷರದಲ್ಲಿಯೇ ಇರಲಿ, ಹಾಡಿನ ಮೂರನೆಯ ಸಾಲಾಗಿ ಕೂರುತ್ತಿತ್ತು. ಕೆಳಗೆ ನಾಲ್ಕನೆಯ ಸಾಲು, ‘ಬರತೈತಿ ತಡಿ ಗೆಳತಿ’ ಎಂದು. ಅಷ್ಟು ಮಾಡಲು ಅವಳಿಗೆ ಮೂರು ವಾರ ಹಿಡಿಯಿತು. ನವನಗರದ ತರಗತಿಯಲ್ಲಿ ಕಲಿಸದ ವಿದ್ಯೆ ಅದು. ಇನ್ನೊಬ್ಬರ ಪುಟಗಳ ಹಿಂಬದಿ ನೋಡಿ ನೋಡಿ ಕಲಿತಳು.

ಎರಡು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಜನ ಬರೆದರು. ಮಳೆ ಎಂದಿದ್ದ ದೋಹಾದ ಡ್ರೈವರ್ ‘ಬಿಸಿ ಜ್ವಾಳದ ರೊಟ್ಟಿ’ ಎಂದು ಬರೆದ. ಹಾಡು ಕಟ್ಟಿದವರು ಬೇಸತ್ತಿದ್ದ ತಿನಿಸೇ ಅವನಿಗೆ ಬೇಕಾಗಿತ್ತು. ರಾತ್ರಿ ಪಾಳಿಯ ನರ್ಸ್ ಒಬ್ಬಳು ‘ಯಾರರ ಮಾಡಿಕೊಟ್ಟ ಚಹಾ’ ಎಂದಿದ್ದಳು. ರಾಜೇಶ ಸಂಜೆ ಬೂತು ಮುಚ್ಚುವ ಮೊದಲು ಬಂದದ್ದನ್ನೆಲ್ಲ ತಾಯಿಗೆ ಓದಿ ಹೇಳುತ್ತಿದ್ದ. ಬೇರೆ ಊರಿನವರು ಕೇಳಿದ ಅಡಿಗೆ ಗೊತ್ತಾಗದಿದ್ದರೆ, “ಅದನ್ನ ಹೆಂಗ ಮಾಡತಾರಂತ ಕೇಳೋ” ಎಂದು ಅಂಬವ್ವ ಅವನನ್ನು ಮತ್ತೆ ಕೂರಿಸುತ್ತಿದ್ದರು. ೨೦೦೬ರಲ್ಲಿ ಜಹಾಂಗೀರನ ಹೋಟೆಲ್ಲಿಗೊಂದು ಮೊಬೈಲ್ ಬಂದ ಮೇಲೆ ಶುಕ್ರವಾರಕ್ಕೊಮ್ಮೆ ಅಂಬವ್ವನಿಗೆ ಕಾಸಿಂಬಿಯೊಡನೆ ಮಾತು. ಅದರಲ್ಲಿ ಅರ್ಧ ಮಂಡಿನೋವಿನದು, ಅರ್ಧ ಸೊಸೆಯಂದಿರದು.

ಈ ನಡುವೆ ಚೇತನಾ ಬಾದಾಮಿಯ ಎರಡು ಲಾಡ್ಜುಗಳಿಗೆ, ನಮ್ಮ ಶಾಲೆಗೆ, ಬಾಗಲಕೋಟೆಯ ಒಂದು ಬೀಜದ ಅಂಗಡಿಗೆ ಪುಟ ಮಾಡಿದಳು. ೨೦೦೯ರಲ್ಲಿ, ಅವಳ ಹಾಡಿನ ಪುಟಕ್ಕೆ ಪುಕ್ಕಟೆ ಜಾಗ ಕೊಟ್ಟಿದ್ದ ಕಂಪನಿ ಅಂಗಡಿ ಮುಚ್ಚಿತು. ಅಷ್ಟರಲ್ಲಿ ಕನ್ನಡ ಅಕ್ಷರಗಳು ಎಲ್ಲ ಕಂಪ್ಯೂಟರಿನಲ್ಲೂ ಅಕ್ಷರಗಳಾಗಿಯೇ ಕಾಣತೊಡಗಿದ್ದವು. ಒಂಬತ್ತು ವರ್ಷದ ಪ್ರೀತಿ ಓದಿ ಹೇಳಿದಂತೆ ಚಿತ್ರಗಳನ್ನೆಲ್ಲ ಮತ್ತೆ ಅಕ್ಷರ ಮಾಡಿ, ಸ್ವಂತ ಹೆಸರಿನ ಜಾಗಕ್ಕೆ ಸಾಗಿಸಿದಳು.

ಅದೇ ವರ್ಷದ ಕೊನೆಗೆ ನಾನು ಅವಳನ್ನು ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ಹೆಗಲಿಗೆ ಚೀಲ, ಕೈಯಲ್ಲಿ ಟೇಪ್ ರೆಕಾರ್ಡರ್. ಎಲ್ಲಿಗೆ ಹೊರಟೆಯೆಂದು ಕೇಳಿದೆ.

“ಪಟ್ಟದಕಲ್ಲಿಗೆ ಸರ್. ಅಲ್ಲಿ ಒಬ್ಬಾಕಿ ಮುದುಕಿಗೆ ಮಜ್ಜಿಗಿ ಕಡಿಯೂ ಹಾಡ ಬರತೈತಂತ. ಬೆಣ್ಣಿ ಬಂದ ಕೂಡಲೆ ಹಾಡ ನಿಲ್ಲಸತಾಳಂತ, ಎಲ್ಲಿದ್ದರ ಅಲ್ಲೇ. ಹಂಗಾದರ ಹಾಡಿನ ಕಡೀಕ ಏನೈತಿ ಅಂತ ಯಾರಿಗೆ ಗೊತ್ತಿರಬೇಕು, ಹೇಳ್ರಿ?”

ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯಿಂದ ಚೀಲ ಒಗೆದು ಸೀಟು ಹಿಡಿದು, ಜನರ ನಡುವೆ ನುಗ್ಗಿ ಅವಳು ಹತ್ತಿದಳು.