ಹನುಮಪ್ಪ ಹಾಕಿಸಿದ ಚಪ್ಪಲಿ

ಬೆಳಿಗ್ಗೆ ಮಂಚದಿಂದ ಇಳಿದು ಎಡಗಾಲು ಊರಿದರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ಆಗುತ್ತಿತ್ತು. 2006ರ ಜೂನ್, ಶಾಲೆ ಶುರುವಾದ ಹೊಸತು. ನಾನು ಉತ್ತರಹಳ್ಳಿಯ ಖಾಸಗಿ ಶಾಲೆಯೊಂದರಲ್ಲಿ ಟೀಚರ್, ದಿನವಿಡೀ ನಿಂತು ಪಾಠ ಮಾಡುವ ಕೆಲಸ. ಮನೆ ಚಿಕ್ಕಲಸಂದ್ರದಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ.

ನಾನು ಮೊದಲಿನಿಂದಲೂ ಹಠದವಳು. ನಮ್ಮ ಬೀದಿಯ ಆಂಜನೇಯನ ಗುಡಿಗೆ ಹೋಗಿ, "ಈ ನೋವು ಹೋಗೋ ತನಕ ಕಾಲಿಗೆ ಚಪ್ಪಲಿ ಹಾಕಲ್ಲ ತಂದೆ" ಎಂದು ಹರಕೆ ಹೊತ್ತೆ. ಟಾರು ರಸ್ತೆ, ಶಾಲೆಯ ಸಿಮೆಂಟು ನೆಲ, ಎಲ್ಲ ಕಡೆ ಬರಿಗಾಲು. "ಹನುಮಪ್ಪನಿಗೇನು ನಿನ್ನ ಚಪ್ಪಲಿ ಮೇಲೆ ಕಣ್ಣಾ?" ಎಂದು ಯಜಮಾನರು ಕೇಳಿದ್ದಕ್ಕೆ ಮೂರು ದಿನ ಮಾತು ಬಿಟ್ಟೆ.

ಶ್ರಾವಣದ ಹೊತ್ತಿಗೆ ಮೆಟ್ಟಿಲು ಇಳಿಯಲಾಗದೆ ರಜೆ ಹಾಕಿದೆ. ಹೆಡ್‌ಮಿಸ್ ಫೋನ್ ಮಾಡಿದರು: "ದಸರಾ ರಜೆ ಮುಗಿಯೋಷ್ಟ್ರಲ್ಲಿ ಬರಕ್ಕಾಗ್ಲಿಲ್ಲ ಅಂದ್ರೆ ಬೇರೆಯವರನ್ನ ತಗೋಬೇಕಾಗುತ್ತೆ, ತಪ್ಪು ತಿಳ್ಕೋಬೇಡಿ ಮೇಡಂ." ಹದಿನಾರು ವರ್ಷದ ಕೆಲಸ. ದಿನಾ ಕಿಟಕಿಯಲ್ಲಿ ಕೂತು ಶಾಲೆಯ ವ್ಯಾನು ಹೋಗುವುದನ್ನು ನೋಡಿ ಅಳುತ್ತಿದ್ದೆ.

ಯಜಮಾನರು ಬಲವಂತವಾಗಿ ಆಟೋ ಹತ್ತಿಸಿ ಜಯನಗರದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕರೆದೊಯ್ದರು. ಅಲ್ಲಿನ ಡಾಕ್ಟರ್ ಹುಡುಗಿ ನನ್ನ ಮೀನಖಂಡ ಒತ್ತಿ ನೋಡಿ, "ನೋವು ಹಿಮ್ಮಡೀಲಿ, ಗಂಟು ಇಲ್ಲಿದೆ ಆಂಟಿ" ಅಂದಳು. ಔಷಧಿಯಿಲ್ಲದ ಬರೀ ಸಣ್ಣ ಸೂಜಿ ಚುಚ್ಚಿದಾಗ ಸ್ನಾಯು ಪಟಕ್ಕನೆ ಅದುರಿತು. ಟವಲ್ ಹಾಕಿ ಪಾದ ಎಳೆಯುವ ವ್ಯಾಯಾಮವನ್ನೂ ಹೇಳಿಕೊಟ್ಟಳು. ಕೊನೆಗೆ, "ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕ್ಕೊಳ್ಳಿ. ಬರಿಗಾಲಲ್ಲೇ ಓಡಾಡಿದ್ರೆ ನಾನೆಷ್ಟು ಚುಚ್ಚಿದ್ರೂ ಅಷ್ಟೇ" ಅಂದಳು.

ನೋವು ಹೋಗದೆ ಚಪ್ಪಲಿ ಹಾಕುವಂತಿಲ್ಲ, ಚಪ್ಪಲಿ ಹಾಕದೆ ನೋವು ಹೋಗುವುದಿಲ್ಲ. ನಾನೇ ಒಳಗಿಂದ ಬೀಗ ಜಡಿದು ಬೀಗದ ಕೈಯನ್ನು ದೇವರ ಕೈಗೆ ಕೊಟ್ಟಿದ್ದೆ. ಹರಕೆ ಮುರಿಯುವ ಧೈರ್ಯ ನನಗಿರಲಿಲ್ಲ.

ನಮ್ಮ ಗುಡಿಯಲ್ಲಿ ಹೂ ಕೇಳುವ ಪದ್ಧತಿಯಿದೆ. ಬೇಡಿಕೊಂಡು ನಿಂತಾಗ ಸ್ವಾಮಿಯ ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆಯಾಯಿತು ಎಂದು ಅರ್ಥ. ಎಷ್ಟೋ ಶನಿವಾರ "ನನ್ನ ಹರಕೆ ಫಲಿಸುತ್ತಾ?" ಎಂದು ಕೇಳಿದ್ದೆ, ಒಂದು ಎಸಳೂ ಅಲುಗಿರಲಿಲ್ಲ. ಆ ಶನಿವಾರ ಯಜಮಾನರ ಹೆಗಲು ಹಿಡಿದು ಮೆಟ್ಟಿಲಿಳಿದು ಹೋದೆ. "ತಪ್ಪಾಯ್ತು ಸ್ವಾಮಿ. ಹರಕೆ ಬಿಡಲಾ? ಚಪ್ಪಲಿ ಹಾಕ್ಕೊಳ್ಳಲಾ?" ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟೆ. ಬಲಭುಜದ ಮೇಲಿದ್ದ ಸೇವಂತಿಗೆ ಜಾರಿ ಕೆಳಗೆ ಬಿತ್ತು.

ಅರ್ಚಕರು ಅದನ್ನೆತ್ತಿ ನನ್ನ ಕೈಗಿಟ್ಟು, "ಹಾಕ್ಕೊಳಿ ತಾಯಿ. ಅವನು ಯಾವತ್ತು ಬೇಡ ಅಂದಿದ್ದ?" ಎಂದರು. ಎಲ್ಲರೆದುರಿಗೆ ಮಗುವಿನ ಹಾಗೆ ಅತ್ತೆ.

ಅವತ್ತೇ ಮೆತ್ತನೆಯ ಚಪ್ಪಲಿ ಕೊಂಡೆವು. ಮತ್ತೆ ನಾಲ್ಕು ಸಲ ಸೂಜಿ, ದಿನಕ್ಕೆರಡು ಹೊತ್ತು ವ್ಯಾಯಾಮ. ಆಯುಧಪೂಜೆಯ ಬೆಳಿಗ್ಗೆ ಎದ್ದು ಒಲೆ ಮೇಲೆ ಹಾಲಿಟ್ಟ ಮೇಲೆ ನೆನಪಾಯಿತು, ಹಿಮ್ಮಡಿ ಏನೂ ಅಂದಿಲ್ಲ ಎಂದು. ರಜೆ ಮುಗಿದ ದಿನ ನಾನು ಶಾಲೆಯಲ್ಲಿದ್ದೆ.

ಈಗಲೂ ದರ್ಶನ ಮುಗಿಸಿ ಹೊರಗೆ ಚಪ್ಪಲಿ ಮೆಟ್ಟುವಾಗ ಇನ್ನೊಮ್ಮೆ ಒಳಕ್ಕೆ ತಿರುಗಿ ಕೈಮುಗಿಯುತ್ತೇನೆ. "ಇದಕ್ಕೂ ಅಪ್ಪಣೆ ಕೇಳ್ಬೇಕಾ?" ಎಂದು ಯಜಮಾನರು ನಗುತ್ತಾರೆ. ಕೇಳುತ್ತೇನೆ. ಅವನ ಹೆಸರಿನಲ್ಲಿ ನನ್ನ ಹಠ ನಡೆಸಿದ್ದು ಸಾಕು.