ಗೋಡೆಗೆ ಮೊಳೆ ಹೊಡೆಯದ ನೆರಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನ ಅತ್ತಿಗೆ ಹಸಿರು ಸೀರೆ ಉಟ್ಟಿದ್ದಳು ಎಂದು ನನ್ನ ನೆನಪು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಪಕ್ಕ ಕೂತಾಗ ನನ್ನ ಕೈಗೆ ತಾಗುತ್ತಿದ್ದ ಸೆರಗು ನೀಲಿ. ಗಾಳಿ ಎದ್ದದ್ದು ಊಟಕ್ಕೆ ಮೊದಲೋ ಆಮೇಲೋ, ನಾನು ಕಿರುಚಿದೆನೋ, ಕಿರುಚಿದೆ ಎಂದು ನಂತರ ಅಂದುಕೊಂಡೆನೋ, ಖಚಿತವಿಲ್ಲ. ಲಿಂಗಸುಗೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನಾನು, ಒಬ್ಬರೇ ಸಾಕ್ಷಿಯ ಮಾತನ್ನು ಪೂರ್ತಿ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಇಲ್ಲಿ ಆ ಒಬ್ಬ ಸಾಕ್ಷಿ ನಾನೇ.

ಬೇವಿನ ಮರದ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಸಿಂಧನೂರಿನ ನಮ್ಮ ಮನೆಯ ಹಿತ್ತಲಲ್ಲಿ ಬಂಡೆ ಹಾಸಿದ ಅಂಗಳವಿದೆ. ಅದರ ಮೂಲೆಯಲ್ಲಿದ್ದ ಬೇವಿನ ಕೆಳಗೆ ಅತ್ತಿಗೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಒಳಗಿನ ಕೋಣೆಗೆ ಇರುವುದು ಒಂದೇ ಕಿಟಕಿ. ಬೇಸಿಗೆಯಲ್ಲಿ ಕರೆಂಟೂ ಇರುವುದಿಲ್ಲ. ಮದುವೆ ಸೀಸನ್ನಿನ ಬ್ಲೌಸುಗಳು, ಆಮೇಲೆ ಶಾಲೆ ಶುರುವಾಗುವ ಮೊದಲಿನ ಯೂನಿಫಾರ್ಮುಗಳು, ಎಲ್ಲ ಆ ನೆರಳಲ್ಲೇ ಹೊಲಿಗೆ ಕಾಣುತ್ತಿದ್ದವು. ಅಣ್ಣನ ಮುಂದೆ ಕೈಚಾಚದೆ ಬದುಕಲು ಅವಳಿಗಿದ್ದ ದಾರಿ ಆ ಯಂತ್ರವೊಂದೇ. ಅದು ಅವಳಿಗೆ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಬ್ಲೌಸು ಒಯ್ಯಲು ಬಂದ ಹೆಂಗಸರು ಏನೋ ಮಾತಿಗೆ ಜೋರಾಗಿ ನಕ್ಕರು. ಅಣ್ಣ ಒಳಗೆ ಮಲಗಿದ್ದ. ಮರುದಿನ ಬೆಳಿಗ್ಗೆ ಕೊಡಲಿ ತಂದ. ಕೂಲಿಯವರನ್ನು ಕರೆಯಲಿಲ್ಲ, ತಾನೇ ಕಡಿದ. ಮೊದಲ ಏಟು ಅಡ್ಡ ಬಿತ್ತು. ತೊಗಟೆ ಸಿಡಿದು ಅವನ ಹುಬ್ಬಿಗೆ ಬಡಿದು ರಕ್ತ ಬಂತು. ಅದನ್ನು ಒರೆಸದೆಯೇ ಕಡಿಯುತ್ತ ಹೋದ. ಮರ ಯಂತ್ರ ಇಡುತ್ತಿದ್ದ ಜಾಗಕ್ಕೇ ಉರುಳಿ ಎರಡು ಬಂಡೆ ಸೀಳಿದವು.

ಅಣ್ಣ ಕುಡಿಯುವುದಿಲ್ಲ. ಇದನ್ನು ಹೇಳಿದರೆ ಕೇಳುವವರಿಗೆ ಒಂದು ಕಾರಣ ಕೈತಪ್ಪಿದಂತಾಗುತ್ತದೆ. ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ದಲ್ಲಾಳಿಯೊಬ್ಬರ ಅಡತಿ ಅಂಗಡಿಯಲ್ಲಿ ಭತ್ತದ ಚೀಲಗಳ ತೂಕ ನೋಡುವ ಕೆಲಸ ಅವನದು. ಅಲ್ಲಿ ಎಲ್ಲರೂ ಅವನನ್ನು ಮೆದು ಮನುಷ್ಯ ಅನ್ನುತ್ತಾರೆ. ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಅವನ ಕೈ ಮೊದಲು ಮಾತಾಡುತ್ತದೆ.

ಮರ ಹೋದ ಮೇಲೂ ಅತ್ತಿಗೆ ಯಂತ್ರವನ್ನು ಅಂಗಳದಲ್ಲೇ ಇಟ್ಟಳು. ಬಿಸಿಲಲ್ಲಿ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಹೊಲಿದಳು. ಏಪ್ರಿಲ್‌ನಲ್ಲಿ ಒಂದು ದಿನ ಕಣ್ಣು ಕತ್ತಲು ಬಂದು ಯಂತ್ರದ ಮೇಲೇ ಬಾಗಿದಳು. ಕಾಲು ತುಳಿಯುತ್ತಲೇ ಇತ್ತು. ಸೂಜಿ ತೋರುಬೆರಳ ಉಗುರಿನ ನಡುವೆ ಇಳಿದು ಒಳಗೇ ಮುರಿಯಿತು. ರಜೆಗೆ ಊರಿಗೆ ಬಂದವಳು ನಾನೇ ಇಕ್ಕಳದಲ್ಲಿ ಅದನ್ನು ಎಳೆದೆ. ಅವಳು ಸೆರಗು ಕಚ್ಚಿಕೊಂಡಿದ್ದಳು. ಸೂಜಿ ಹೊರಬಂದ ಮೇಲೆ ಆಡಿದ ಮೊದಲ ಮಾತು: "ಬ್ಲೌಸಿಗೆ ರಕ್ತ ಹತ್ತಿತೇನು ನೋಡು ತಂಗಿ, ಮದಿಮಗಳ್ದು ಅದು."

ತಗಡಿನ ಚಪ್ಪರ ಹಾಕಿಸೋಣ ಎಂದೆ. ಒಳಗಿನಿಂದ ಅಣ್ಣ ಉತ್ತರ ಕೊಟ್ಟ: "ನನ್ನ ಗ್ವಾಡಿಗಿ ಒಂದು ಮೊಳಿ ಬಿದ್ರ, ಅದಾ ಸುತ್ತಿಗಿಲೆ ಆಕಿ ಬೆರಳು ಜಜ್ಜತೀನಿ. ಬಂಡಿ ಅಗದ್ರೂ ಅಷ್ಟಾ."

ಗೋಡೆ ಮುಟ್ಟಬಾರದು, ನೆಲದ ಬಂಡೆ ಅಗೆಯಬಾರದು, ಆದರೂ ನೆರಳು ಬೇಕು. ಆಗ ನನಗೆ ಮಸ್ಕಿಯ ಡಾಬಾದ ಛತ್ರಿಗಳು ನೆನಪಾದವು. ಬಸ್ಸಿನಿಂದ ಎಷ್ಟೋ ಸಲ ನೋಡಿದ್ದೆ. ಕಂಬ ಒಂದು ಬದಿಗೆ ನಿಂತಿರುತ್ತದೆ. ಅದರ ತಲೆಯಿಂದ ಒಂದು ತೋಳು ಚಾಚಿ, ತೋಳಿನ ತುದಿಗೆ ಛತ್ರಿ ತೂಗುತ್ತಿರುತ್ತದೆ. ಇಂಥದಕ್ಕೆ ಕ್ಯಾಂಟಿಲಿವರ್ ಛತ್ರಿ ಎನ್ನುತ್ತಾರೆಂದು ಆಮೇಲೆ ಫೋನಿನಲ್ಲಿ ಓದಿದೆ. ನಡುವೆ ಕಂಬವಿಲ್ಲದ್ದರಿಂದ ಬಟ್ಟೆ ಕತ್ತರಿಸುವ ಮೇಜು, ಯಂತ್ರ ಎರಡೂ ಕೆಳಗೆ ಹಿಡಿಸುತ್ತವೆ.

ಅಣ್ಣ ಗಂಜಿನ ಕೆಲಸಕ್ಕೆ ಹೋದ ಮೇಲೆ ಇಬ್ಬರೂ ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿದೆವು. ಡಾಬಾದ ಅಂಗಳದಲ್ಲಿ ಮೂರು ಛತ್ರಿ ನಿಂತಿದ್ದವು. ನಾಲ್ಕನೆಯದು ಕಾಂಪೌಂಡಿನ ಮೂಲೆಯಲ್ಲಿ ಬಿದ್ದಿತ್ತು, ತೋಳು ಬುಡಕ್ಕೇ ಕಿತ್ತು, ಕಡ್ಡಿಗಳು ಹೊರಚಾಚಿ. ಅತ್ತಿಗೆ ನಿಂತದ್ದನ್ನು ಬಿಟ್ಟು ಬಿದ್ದದ್ದರ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು.

"ಅದೇನ್ ನೋಡ್ತೀರ್ರೀ ಅಕ್ಕಾರ," ಡಾಬಾದ ಮಾಲೀಕ ನಕ್ಕ. "ಒಬ್ಬಾತನ ಮುಂದಿನ ಹಲ್ಲು ಉದುರಿಸೈತಿ ಅದು. ಬಿರಿಯಾನಿ ತಿನ್ನಾಕ ಬಂದಾವ, ಪಾಪ, ಮಜ್ಜಿಗಿ ಕುಡದು ಹೋದ."

"ಯಾಕ ಮುರೀತ್ರಿ?" ಅತ್ತಿಗೆ ಕೇಳಿದಳು.

"ಗಾಳಿ ಬಂದಾಗ ಮುಚ್ಚಬೇಕಲ್ರೀ. ನಮ್ಮ ಮಂದಿ ಫೋನ್ ನೋಡ್ಕೋಂತ ನಿಂತ್ರು. ಬಿಚ್ಚಿದ ಛತ್ರಿ ಗಾಳಿಗಿ ಸಿಕ್ರ ಅದು ಯಾರ ಮಾತೂ ಕೇಳಂಗಿಲ್ಲ."

ಅಲ್ಲಿಂದ ಲಿಂಗಸುಗೂರಿಗೆ. ಮದುವೆಗಳಿಗೆ ಶಾಮಿಯಾನ, ಕುರ್ಚಿ ಕೊಡುವ ಅಂಗಡಿಯೊಂದು ನಾನು ಬಾಡಿಗೆಗಿರುವ ಮನೆಯ ಹತ್ತಿರ ಇದೆ. ಅವನ ಗೋಡೌನಿನಲ್ಲಿ ಇಂಥ ಛತ್ರಿಗಳಿದ್ದವು. ನಾನು ಓದಿಕೊಂಡು ಹೋಗಿದ್ದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಕಂಬ ಕಬ್ಬಿಣವೋ ಅಲ್ಯೂಮಿನಿಯಮ್ಮೋ, ತಗಡು ಎಷ್ಟು ದಪ್ಪ, ತುದಿಯಲ್ಲಿ ಗಾಳಿ ಹೊರಹೋಗಲು ಸೀಳು ಇದೆಯೋ, ಬಟ್ಟೆ ಎರಡು ಬೇಸಿಗೆಗೆ ಪುಡಿಯಾಗುತ್ತದೋ. ಅಂಗಡಿಯವನು ಒಂದು ಕೆಂಪು ಛತ್ರಿಯನ್ನು ಹಿಡಿಕೆ ತಿರುಗಿಸಿ ಬಿಚ್ಚಿದ. ಅತ್ತಿಗೆ ಚೀಲದಿಂದ ಹಸಿರು ಬ್ಲೌಸ್ ಪೀಸನ್ನೂ ದಾರದ ಉಂಡೆಯನ್ನೂ ತೆಗೆದು ಅದರ ಕೆಳಗೆ ಹಿಡಿದಳು. ಕೆಂಪು ನೆರಳಲ್ಲಿ ಹಸಿರು ಕಪ್ಪಗೆ ಕಂಡಿತು. ಬೂದು ಬಣ್ಣದ್ದನ್ನು ತರಿಸಿದೆವು. ಅದರ ಕಂಬ ಬಡಿದರೆ ಖಾಲಿ ಡಬ್ಬಿಯ ಸದ್ದು ಬರಲಿಲ್ಲ. ತುದಿಯಲ್ಲಿ ಎರಡು ಪದರ ಬಟ್ಟೆ, ನಡುವೆ ಗಾಳಿಗೆ ಸಂದು.

ಅಷ್ಟರಲ್ಲಿ ಅತ್ತಿಗೆ ಚಪ್ಪಲಿ ಬಿಟ್ಟು, ಕುರ್ಚಿ ಹತ್ತಿ, ಎರಡೂ ಕೈಯಿಂದ ಆ ತೋಳಿಗೆ ಜೋತುಬಿದ್ದಳು.

"ಅಯ್ಯಯ್ಯ, ಅಕ್ಕಾರ! ಜೋಕಾಲಿ ಅಲ್ರೀ ಅದು!"

"ನಮ್ಮ ಮನ್ಯಾಗ ಇದಕ್ಕಿಂತ ಜೋರು ಬೀಳ್ತಾವ್ರಿ," ಅಂದಳು ಜೋತುಬಿದ್ದಲ್ಲಿಂದಲೇ. ಅವಳು ಗಾಳಿಯ ಹೊಡೆತದ ಬಗ್ಗೆ ಹೇಳುತ್ತಿದ್ದಾಳೆಂದುಕೊಂಡು ಅಂಗಡಿಯವನು ನಕ್ಕ. ನಾನೂ ನಕ್ಕೆ ಎಂದು ಕಾಣುತ್ತದೆ.

ತೋಳು ಬಾಗಲಿಲ್ಲ. ತಾನು ಹೊಲಿದು ಗಳಿಸಿದ್ದರಲ್ಲಿ ಅವಳೇ ದುಡ್ಡು ಕೊಟ್ಟಳು. ಟಂಟಂ ಆಟೋದಲ್ಲಿ ಛತ್ರಿ ಏರಿಸುವಾಗ ಅಂಗಡಿಯವನು ಕಬ್ಬಿಣದ ಅಡ್ಡಪಟ್ಟಿಗಳ ಪಾದವನ್ನು ತೋರಿಸಿ ಹೇಳಿದ: "ನಾಕೂ ಕಡಿ ಕಲ್ಲು ಹೇರ್ರಿ, ಇಲ್ಲಾ ಕಾಂಕ್ರೀಟಿನ್ಯಾಗ ಕೂಡಸ್ರಿ. ತೂಕ ಇಲ್ಲಂದ್ರ ಇದು ಛತ್ರಿ ಅಲ್ರೀ, ತಲಿ ಒಡಿಯೋ ಬಡಿಗಿ."

ನಮ್ಮ ಕಾಲುವೆ ಕಡೆಯ ಜನಕ್ಕೆ ತೂಕ ಎಂದರೆ ಭತ್ತದ ಚೀಲ. ರಸ್ತೆಯ ಮೇಲೆ ರಾಶಿ ಒಣಹಾಕಿ ತಾಡಪಾಲು ಹೊದಿಸಿದರೆ ಅಂಚಿಗೆ ಚೀಲ ಇಡುತ್ತೇವೆ; ಬಾಗಿಲು ಬಡಿದುಕೊಂಡರೆ ಚೀಲ ಅಡ್ಡ ಸರಿಸುತ್ತೇವೆ. ಪಡಸಾಲೆಯಲ್ಲಿ ವರ್ಷದ ಊಟದ ಭತ್ತವಿತ್ತು. ಇಬ್ಬರೂ ಸೇರಿ ನಾಲ್ಕು ಚೀಲ ಎಳೆದು ಪಾದದ ನಾಲ್ಕೂ ಪಟ್ಟಿಗಳ ಮೇಲೆ ಕೆಡವಿದೆವು. ಛತ್ರಿ ಅಲುಗದೆ ನಿಂತಿತು. ಕಲ್ಲು ಹುಡುಕುವ ಯೋಚನೆಯೇ ಬರಲಿಲ್ಲ. ಭತ್ತ ಮಿಲ್ಲಿಗೆ ಹೋಗುವ ವಸ್ತು, ಇದ್ದಲ್ಲೇ ಇರುವುದಿಲ್ಲ ಎಂಬುದೂ ಹೊಳೆಯಲಿಲ್ಲ.

ಸಂಜೆ ಅಣ್ಣ ಬಂದ.

"ಏನಲೇ ಇದು? ಮನ್ಯಾಗ ಡಾಬಾ ತೆಗದೀಯೇನು?"

"ನಿನ್ನ ಗ್ವಾಡಿ ಮುಟ್ಟಿಲ್ಲ," ಅತ್ತಿಗೆ ಯಂತ್ರ ನಿಲ್ಲಿಸದೆ ಹೇಳಿದಳು. "ಬಂಡಿನೂ ಅಗದಿಲ್ಲ."

ಅವನು ಹೊಡೆದ. ಪೆಟ್ಟು ಬಲಗೆನ್ನೆಗೆ ಬಿತ್ತೆಂದು ನನ್ನ ನೆನಪು. ಆದರೆ ಅಣ್ಣ ಬಲಗೈಯವನು. ಎದುರು ನಿಂತು ಬೀಸಿದರೆ ಅದು ಎಡಗೆನ್ನೆಗೆ ಬೀಳಬೇಕು. ಹಾಗಾದರೆ ನಾನು ನೆನಪಿಟ್ಟುಕೊಂಡಿರುವುದು ಅವನು ಕೈ ತಿರುಗಿಸಿ ಕೊಟ್ಟ ಎರಡನೆಯ ಪೆಟ್ಟು. ಮೊದಲನೆಯದನ್ನು ನನ್ನ ತಲೆ ಎಲ್ಲಿ ಬಿಸಾಕಿತೋ ತಿಳಿಯದು. ಅಣ್ಣಾ ಬಿಡು ಎಂದೆ. "ಓದಿದಾಕಿ ನೀ ಸುಮ್ನ ಕುಂದ್ರು," ಅಂದ. ಕಂಬಕ್ಕೆ ಒದ್ದ. ಚೀಲಗಳಿದ್ದವು, ಕಂಬ ಕದಲಲಿಲ್ಲ. ಅವನೇ ಕಾಲು ಹಿಡಿದುಕೊಂಡು ಒಳಗೆ ಹೋದ.

ಆಮೇಲೆ ಕೆಲವು ದಿನ ಅತ್ತಿಗೆ ಬೂದು ನೆರಳಲ್ಲಿ ಹೊಲಿದಳು. ಯೂನಿಫಾರ್ಮಿನ ಬಟ್ಟೆಯ ಥಾನುಗಳು ಬಂದು ಬಿದ್ದವು. ಹೆಂಗಸರು ಮತ್ತೆ ಬರತೊಡಗಿದರು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು.

ಮನೆಯಲ್ಲಿ ಅಕ್ಕಿ ಮುಗಿದ ದಿನ ಅಣ್ಣ ಬೆಳಿಗ್ಗೆ ಎರಡು ಚೀಲ ಮಿಲ್ಲಿಗೆ ಒಯ್ದ. ಪಡಸಾಲೆಯಲ್ಲಿ ಇನ್ನೂ ಚೀಲಗಳಿದ್ದವು. ಅವನು ಎತ್ತಿದ್ದು ಹಿಂಬದಿಯ ಎರಡನ್ನು, ಛತ್ರಿಯ ಭಾರ ಮುಂದಕ್ಕೆ ಮುಗ್ಗರಿಸದಂತೆ ತಡೆದಿದ್ದವನ್ನೇ. ಬೇಕೆಂದು ಮಾಡಿದನೋ, ಬಾಗಿಲಿಗೆ ಹತ್ತಿರ ಎಂದು ಎತ್ತಿದನೋ, ನಾನು ಹೇಳಲಾರೆ. "ಸಂಜಿಗಿ ಬ್ಯಾರೆ ಚೀಲ ಎಳದು ಇಡೂಣು" ಎಂಬ ಮಾತು ನೆನಪಿದೆ. ಅದನ್ನು ಅಂದದ್ದು ಅವಳೋ ನಾನೋ, ಅದು ನೆನಪಿಲ್ಲ.

ಸಂಜೆಯ ತನಕ ಗಾಳಿ ಕಾಯಲಿಲ್ಲ. ತುರ್ವಿಹಾಳದ ಕಡೆ ಆಕಾಶ ಅರಿಶಿನವಾಗಿ, ಆಮೇಲೆ ಕಪ್ಪಾಗಿ, ಧೂಳಿನ ಗೋಡೆಯೊಂದು ಎದ್ದು ಬಂತು. ಪಕ್ಕದ ಮನೆಯ ತಗಡು ಕಿತ್ತು ರಸ್ತೆಯ ಮೇಲೆ ಕತ್ತಿಯಂತೆ ಜಾರಿ ಹೋಯಿತು. ಅತ್ತಿಗೆ ಓಡಿಹೋಗಿ ಛತ್ರಿಯ ಹಿಡಿಕೆ ತಿರುಗಿಸತೊಡಗಿದಳು. ಛತ್ರಿ ಅರ್ಧ ಮುಚ್ಚಿತ್ತು. ಮಾಳಿಗೆಯ ಮೇಲೆ ಅಣ್ಣನ ಬಿಳಿ ಅಂಗಿಗಳು ಒಣಗುತ್ತಿದ್ದವು. ಒಂದು ಹಾರಿ ಬಂದು ಅಂಗಳದಲ್ಲಿ ಬಿತ್ತು. ಅದನ್ನು ನೋಡಿ, ಮಿಲ್ಲಿನಿಂದ ವಾಪಸಾಗಿದ್ದ ಅಣ್ಣ ಒಳಗಿನಿಂದ ಬಂದ.

"ನನ್ನ ಅಂಗಿ ಧೂಳಾಗ ಹೋಗಾಕತ್ತಾವು, ನಿನಗ ಛತ್ರಿ ಬೇಕೇನಬೇ!"

"ಒಂದು ಸುತ್ತು ಬಿಡು, ಮುಚ್ಚೇ ಬಿಡ್ತೀನಿ! ಬಿಡು!"

ಅವನು ಅವಳ ತುರುಬು ಹಿಡಿದು ಎಳೆದ. ಹಿಡಿಕೆ ಅವಳ ಕೈಯಿಂದ ಜಾರಿ ಹಿಮ್ಮುಖವಾಗಿ ಗಿರಗಿರ ತಿರುಗಿತು. ಛತ್ರಿ ಪೂರ್ತಿ ಬಿಚ್ಚಿಕೊಂಡು ಗಾಳಿ ತುಂಬಿಕೊಂಡಿತು. ಹಿಂಬದಿಯ ಖಾಲಿ ಪಟ್ಟಿಗಳು ನೆಲದಿಂದ ಎದ್ದದ್ದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ಕಂಡೆ. ಅತ್ತಿಗೆ ಅವನಿಂದ ಬಿಡಿಸಿಕೊಂಡು ಎರಡೂ ಅಂಗೈಗಳನ್ನು ಕಂಬದ ಮೇಲೆ ಇಟ್ಟಳು. ಆಮೇಲೆ ನನ್ನ ಕಣ್ಣಿಗೆ ಧೂಳು. ಕೇಳಿದ್ದು ಮಾತ್ರ ಇದೆ. ಕಂಬ ಬಿದ್ದ ಸದ್ದಿಗಿಂತ ಮೊದಲು ಒಣ ಕಟ್ಟಿಗೆ ಮುರಿದಂಥ ಇನ್ನೊಂದು ಸದ್ದು.

ಕಣ್ಣು ಬಿಟ್ಟಾಗ ಅಣ್ಣ ಛತ್ರಿಯ ತೋಳಿನ ಅಡಿಯಲ್ಲಿದ್ದ. ಹೆಗಲ ಎಲುಬು ಚರ್ಮವನ್ನು ಒಳಗಿನಿಂದ ಎತ್ತಿ ನಿಂತಿತ್ತು. ಬಲಗೈ ಬೇರೆ ಯಾರದೋ ಎಂಬಂತೆ ತಿರುಚಿಕೊಂಡು ಬಿದ್ದಿತ್ತು. ಬಾಯಿ ತುಂಬ ಧೂಳು, ರಕ್ತ. ಅತ್ತಿಗೆಯ ಕೈಗಳು ಇನ್ನೂ ಕಂಬ ಇದ್ದ ಎತ್ತರದಲ್ಲೇ ಗಾಳಿಯಲ್ಲಿದ್ದವು.

ಆಸ್ಪತ್ರೆಗೆ ಬಂದ ನೆಂಟರಿಗೆಲ್ಲ ಅಣ್ಣ ಒಂದೇ ಮಾತು ಹೇಳಿದ: "ಆಕಿನಾ ದೂಕ್ಯಾಳ. ತಂಗಿನ ಕೇಳ್ರಿ, ಆಕಿ ನೋಡ್ಯಾಳ." ಎಲ್ಲರೂ ನನ್ನ ಕಡೆ ನೋಡಿದರು. ಗಾಳಿ ಕೆಡವಿತು ಎಂದೆ. ಅದು ಸುಳ್ಳಲ್ಲ. ಬೀಳುವ ಕಂಬವನ್ನು ತಡೆಯಲು ಇಟ್ಟ ಅಂಗೈ, ನಿಂತ ಕಂಬವನ್ನು ದೂಡಲು ಇಟ್ಟ ಅಂಗೈ, ಅಡುಗೆಮನೆಯ ಬಾಗಿಲಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಎರಡರಲ್ಲಿ ಯಾವುದೆಂದು ನಾನು ಅವಳನ್ನು ಕೇಳಿಲ್ಲ. ಕೇಳುವುದೂ ಇಲ್ಲ.

ಅಣ್ಣ ಆಸ್ಪತ್ರೆಯಲ್ಲಿರುವಾಗಲೇ ಅತ್ತಿಗೆ ಗಾರೆ ಕೆಲಸದ ಗೌಂಡಿಯನ್ನು ಕರೆಸಿದಳು. ಅವನು ಉಳಿ, ಸುತ್ತಿಗೆ ಹಿಡಿದು ಬಂಡೆ ಒಡೆಯುವಾಗ ಅವಳು ಪಕ್ಕದಲ್ಲೇ ನಿಂತಿದ್ದಳು. ಚೂರುಗಳು ಸಿಡಿದು ಕಾಲಿಗೆ ಬಡಿದರೂ ಸರಿಯಲಿಲ್ಲ. "ಇನ್ನೂ ಆಳ ತಗೀರಿ," ಅನ್ನುತ್ತಿದ್ದಳು. ಛತ್ರಿಯ ಎರಡು ಕಡ್ಡಿ ಬಾಗಿದ್ದವು, ಅಷ್ಟೆ. ತೋಳು, ಬಟ್ಟೆ ಗಟ್ಟಿಯಾಗಿದ್ದವು. ಪಾದವನ್ನು ಕಾಂಕ್ರೀಟಿನಲ್ಲಿ ಹೂತು ಬೋಲ್ಟ್ ಬಿಗಿಸಿದರು. ಈಗ ಅದನ್ನು ಕೀಳಬೇಕಾದರೆ ಅಂಗಳವನ್ನೇ ಒಡೆಯಬೇಕು.

ಅಣ್ಣ ಮನೆಗೆ ಬಂದ. ಬಲಗೈ ಎದೆಗೆ ಕಟ್ಟಿದೆ. ಕಿಟಕಿಯಿಂದ ಕಾಂಕ್ರೀಟನ್ನು ನೋಡುತ್ತ ಮಲಗಿರುತ್ತಾನೆ. ಅತ್ತಿಗೆ ಅನ್ನ ಕಲಸಿ ಅವನ ಬಾಯಿಗೆ ಇಡುತ್ತಾಳೆ. ಒಂದು ದಿನ ಅವನು ಎಡಗೈಯಿಂದ ತಟ್ಟೆ ಬಡಿದು ಕೆಡವಿದ. ಅವಳು ಅನ್ನ ಬಳಿದು, ಕೈ ತೊಳೆದು, ಯಂತ್ರಕ್ಕೆ ಹೋದಳು. ಎಡಗೈಯ ಪೆಟ್ಟಿನಲ್ಲಿ ಅಷ್ಟು ಬಲವಿಲ್ಲ. ಆದರೆ ಎಲುಬು ಚೆನ್ನಾಗಿ ಕೂಡುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ.

ನಾನು ಲಿಂಗಸುಗೂರಿಗೆ ಹೊರಡುವ ದಿನ ಛತ್ರಿಯ ಕೆಳಗೆ ಅವಳ ಎದುರು ಕೂತೆ. ಕಾಲರ್ ಹಚ್ಚುತ್ತಿದ್ದಳು. ಹಲ್ಲಿನಲ್ಲಿ ಗುಂಡುಪಿನ್ನುಗಳಿದ್ದವು.

"ಅತ್ತಿಗಿ," ಅಂದೆ, "ಅವನ ಕೈ ಕೂಡಿದ ಮ್ಯಾಲ ಏನ್ ಮಾಡ್ತೀ? ಮಷಿನ್ ತಗೊಂಡು ನನ್ನ ಕಡಿ ಬರ್ತೀಯೇನು?"

ಅವಳು ಪಿನ್ನುಗಳನ್ನು ಬಾಯಿಂದ ತೆಗೆದು, "ಮಷಿನ್ ಬರತೈತಿ ತಂಗಿ, ಈ ನೆಳ್ಳು ಕಿತ್ತು ಬರಂಗಿಲ್ಲ, ನಾ ಇಲ್ಲೇ," ಅಂದು ಯಂತ್ರ ತುಳಿದಳು.