ದೇವಕಮ್ಮ ತೊಳೆದ ಲೋಟ

ದೇವಕಮ್ಮನಿಗೆ ಜನರ ಬಾಯಿ ಕಂಡರೆ ಹೇಸಿಗೆ ಇರಲಿಲ್ಲ. ಹುಣಸಗಿಯ ಬಸ್ ಸ್ಟ್ಯಾಂಡ್ ಹಿಂದಿನ ಹಲ್ಲಿನ ದವಾಖಾನೆಯಲ್ಲಿ ಎಂಟು ವರ್ಷ ಕೆಲಸ ಮಾಡಿದ ಮೇಲೆ ಆಕೆ ನೋಡದ ಬಾಯಿಯೇ ಉಳಿದಿರಲಿಲ್ಲ. ಗುಟ್ಕಾ ತಿಂದು ಸುಟ್ಟ ಒಸಡು, ತಂಬಾಕು ಮೆತ್ತಿದ ದವಡೆ, ಕೀವು ತುಂಬಿ ಊದಿದ ಕೆನ್ನೆ, ಎಲ್ಲವೂ ಆಕೆಯ ಕಣ್ಣೆದುರೇ ತೆರೆದುಕೊಂಡಿದ್ದವು. ರಕ್ತ ಹತ್ತಿದ ಇಕ್ಕಳ, ಕನ್ನಡಿ, ಕೊಕ್ಕೆಗಳನ್ನು ತಿಕ್ಕಿ ತೊಳೆದು ಹಬೆಯ ಯಂತ್ರದಲ್ಲಿಟ್ಟು ತೆಗೆಯುವುದು ಆಕೆಯ ಕೆಲಸ. ಆ ಯಂತ್ರಕ್ಕೆ ಆಕೆ ಕುಕ್ಕರ್ ಎಂದು ಹೆಸರಿಟ್ಟಿದ್ದಳು. ಹೊರಬಂದ ಸಾಮಾನಿನ ಮೇಲೆ ಸಾಸಿವೆಯಷ್ಟು ಕಲೆ ಕಂಡರೂ ಮತ್ತೆ ಒಳಗೆ ಹಾಕುತ್ತಿದ್ದಳು. ಡಾಕ್ಟರ್ ಮರಿಲಿಂಗಪ್ಪನವರು ರೋಗಿಯ ಬಾಯಿಯಿಂದ ಕಣ್ಣು ತೆಗೆಯದೆ ಹಿಂದಕ್ಕೆ ಕೈ ಚಾಚಿದರೆ ಸಾಕು, ಬೇಕಾದದ್ದು ಕೈಗೆ ಬಂದು ಕೂರುತ್ತಿತ್ತು.

ಆಕೆಗೆ ಹೇಸಿಗೆ ಹುಟ್ಟಿದ್ದು ಲೋಟಗಳಿಂದ.

ಬಳಿಚಕ್ರವೆಂಬ ಹಳ್ಳಿಯಲ್ಲಿ ಹುಟ್ಟಿದವಳು ಆಕೆ. ಅಲ್ಲಿ ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಮದುವೆಯಾಗಿ ಹುಣಸಗಿಯ ಪಕ್ಕದ ಹಳ್ಳಿಗೆ ಬಂದಾಗ ನಾರಾಯಣಪುರದ ಕಾಲುವೆ ನೀರು ಗದ್ದೆಗೆ ಹರಿಯುತ್ತಿತ್ತು. ಹರಿಯುವ ನೀರು ನೋಡುತ್ತ ದಂಡೆಯ ಮೇಲೆ ಅರ್ಧ ದಿನ ಕುಳಿತಿದ್ದಳೆಂದು ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಆಮೇಲೆ ಹದಿನೈದು ವರ್ಷ ಕಂಡವರ ಕೆಸರಲ್ಲಿ ಬಗ್ಗಿ ಭತ್ತದ ಸಸಿ ನೆಟ್ಟಳು. ಸೊಂಟ ಹಿಡಿದುಕೊಂಡಾಗ ದವಾಖಾನೆ ಸೇರಿದಳು. ಮನೆಯಲ್ಲಿ ಬುದ್ಧನ ಫೋಟೊ ಇರುವ ಗೋಡೆಗೆ ಕೈಮುಗಿದು, ಇಸ್ತ್ರಿ ಸೀರೆ ಉಟ್ಟು, ಎಂಟೂವರೆಗೆಲ್ಲ ಬಾಗಿಲು ತೆಗೆಯುತ್ತಿದ್ದಳು.

ದವಾಖಾನೆಯಲ್ಲಿ ಸೂಜಿಗೆ ಒಂದು ಡಬ್ಬಿ, ರಕ್ತದ ಹತ್ತಿಗೆ ಒಂದು ಚೀಲ ಎಂದು ಬಣ್ಣ ಬಣ್ಣದ ವ್ಯವಸ್ಥೆ ಇತ್ತು. ಅವನ್ನು ಒಯ್ಯಲು ಬೇರೆ ಗಾಡಿ ಬರುತ್ತಿತ್ತು. ಬಾಯಿ ಮುಕ್ಕಳಿಸುವ ಪ್ಲಾಸ್ಟಿಕ್ ಲೋಟಗಳಿಗೆ ಮಾತ್ರ ಯಾವ ಬಣ್ಣವೂ ಇರಲಿಲ್ಲ. ಒಬ್ಬೊಬ್ಬರಿಗೆ ಎರಡು ಮೂರರಂತೆ ದಿನಕ್ಕೊಂದು ಗೋಣಿಚೀಲ ತುಂಬುತ್ತಿತ್ತು. ಅದನ್ನು ಟಂಟಂ ಗಾಡಿಯವನೊಬ್ಬ ಹೇರಿಕೊಂಡು ಹೋಗುತ್ತಿದ್ದ. ಎಲ್ಲಿಗೆ ಎಂದು ಯಾರೂ ಕೇಳಿರಲಿಲ್ಲ.

ಒಂದು ಭಾನುವಾರ ಕಾಲುವೆಗೆ ಪಾತ್ರೆ ತಿಕ್ಕಲು ಹೋದಾಗ ಗೊತ್ತಾಯಿತು. ತೂಬಿನ ಬಾಯಿಗೆ ನೂರಾರು ಲೋಟಗಳು ಸಿಕ್ಕಿಕೊಂಡಿದ್ದವು. ತಳದಲ್ಲಿ ಬಾಯಿ ತೊಳೆಯುವ ಔಷಧಿಯ ಗುಲಾಬಿ ಬಣ್ಣ. ಒಂದರಲ್ಲಿ ರಕ್ತ ಕೂಡಿದ ಕಫದ ಗಡ್ಡೆ ಹಾಗೇ ಅಂಟಿಕೊಂಡು, ಮೇಲೆ ನೊಣ ಕೂತಿತ್ತು. ನೆಗೆಣ್ಣಿ ತಿಮ್ಮವ್ವ ಅವನ್ನು ಅಂಗೈಯಿಂದ ಅತ್ತಿತ್ತ ಸರಿಸಿ ಕೊಡ ಮುಳುಗಿಸಿದಳು.

"ಹುಣಸಗಿ ಮಂದಿ ಚಾ ಕುಡದು ಒಗದಾರ ನೋಡವ್ವ," ಎಂದಳು.

ಅದು ಚಹಾದ್ದಲ್ಲವೆಂದು ದೇವಕಮ್ಮನಿಗೆ ಗೊತ್ತಿತ್ತು. ತನ್ನ ಕೈಯಿಂದಲೇ ಚೀಲಕ್ಕೆ ತುಂಬಿದ ಉಗುಳು ತನ್ನ ಮನೆಯ ಕೊಡಕ್ಕೆ ಬಂದಿತ್ತು.

ಮರುದಿನ ಬೆಳಿಗ್ಗೆ ಡಾಕ್ಟರ ಮುಂದೆ ನಿಂತಳು.

"ಸರ್, ನಮ್ಮ ಪ್ಲಾಸ್ಟಿಕ್ ಗಿಲಾಸೆಲ್ಲ ಕಾಲುವ್ಯಾಗ ಬಿದ್ದಾವ, ಸ್ಟೀಲಿನವು ತರಸ್ರಿ. ಇಕ್ಕಳ ಕುದಿಯೋ ಕುಕ್ಕರಿನಾಗ ಗಿಲಾಸ ಕುದಿಯಂಗಿಲ್ಲೇನು? ತೊಳಿಯಾಕ ನಾ ಅದೀನಿ."

ಮರಿಲಿಂಗಪ್ಪನವರು ಒಳ್ಳೆಯ ಮನುಷ್ಯ. ಎಕ್ಸ್‌ರೇ ತೊಳೆದ ಔಷಧಿ ನೀರನ್ನು ಮೋರಿಗೆ ಬಿಡುವುದನ್ನು ಯಾರೂ ಹೇಳದೆಯೇ ನಿಲ್ಲಿಸಿದ್ದವರು. ಜಗಳವೆಂದರೆ ಮಾತ್ರ ಆಗುತ್ತಿರಲಿಲ್ಲ. ಆ ವಾರವೇ ಐವತ್ತು ಸ್ಟೀಲ್ ಲೋಟ ಬಂದವು. ಕೆಂಭಾವಿ ಕಡೆಯ ಕುರಿಗಾರರ ಮುದುಕಿ ಮಾಳಮ್ಮ ಮೊದಲ ಲೋಟದಲ್ಲಿ ಗಳಗಳ ಮುಕ್ಕಳಿಸಿ, "ನೀರು ಥಣ್ಣಗ ಅದಾವ ನೋಡವ್ವ," ಎಂದು ಇನ್ನೊಂದು ಲೋಟ ಕೇಳಿ ಕುಡಿದೇ ಬಿಟ್ಟಳು. ಗೋಣಿಚೀಲ ತುಂಬುವುದು ನಿಂತಿತು. ದೇವಕಮ್ಮ ತನ್ನಷ್ಟಕ್ಕೆ ತಾನೇ ನಗುತ್ತ ಲೋಟ ತಿಕ್ಕಿದಳು.

ಎರಡನೆಯ ವಾರ ಸಾಹೇಬಗೌಡರು ಬಂದರು. ಗೊಬ್ಬರದ ಅಂಗಡಿ, ಕಾಲುವೆ ಕೆಳಗೆ ಗದ್ದೆ, ಬಿಳಿ ಅಂಗಿ. ದೇವಕಮ್ಮ ಸಸಿ ನೆಟ್ಟ ಗದ್ದೆಗಳಲ್ಲಿ ಅವರದೂ ಒಂದು. ಕೆನ್ನೆ ಇಷ್ಟು ದಪ್ಪ ಊದಿತ್ತು. ಡಾಕ್ಟರು ಜೋಮು ಹಿಡಿಸುವ ಸೂಜಿ ಚುಚ್ಚಿ, ಕೀವು ತೆಗೆದು, ಮುಕ್ಕಳಿಸಲು ಹೇಳಿದರು. ಗೌಡರು ಲೋಟ ಎತ್ತಿದವರು ಅರ್ಧಕ್ಕೇ ತಡೆದರು.

"ಇದನ್ನ ತೊಳದಾಕಿ ಯಾರು?"

"ನಮ್ಮ ದೇವಕಮ್ಮರಿ."

ಗೌಡರು ಆಕೆಯನ್ನು ನೋಡಿದರು. ಯಾವ ಕೇರಿಯವಳೆಂದು ಕೇಳುವ ಅಗತ್ಯ ಅವರಿಗಿರಲಿಲ್ಲ. ತುಟಿಗೆ ತಾಗಿಸದೆ ಲೋಟವನ್ನು ಗೇಣೆತ್ತರಕ್ಕೆ ಹಿಡಿದು ಬಾಯಿಗೆ ಸುರಿದುಕೊಂಡರು. ಜೋಮು ಹಿಡಿದ ತುಟಿ ನೀರು ಹಿಡಿಯುತ್ತದೆಯೇ? ಕೀವು, ರಕ್ತ, ನೀರು ಎಲ್ಲ ಗದ್ದದಿಂದ ಇಳಿದು ಬಿಳಿ ಅಂಗಿಯ ಮೇಲೆ ಹರಿಯಿತು.

"ಪ್ಲಾಸ್ಟಿಕ್ ಕಪ್ಪೇ ಚಲೋ ಇತ್ತಲ್ಲ ಡಾಕ್ಟರೇ," ಎಂದರು ಸಿಡುಕಿನಿಂದ. "ಯಾರ ಗೊಡವೀನೂ ಇರ್ತಿದ್ದಿಲ್ಲ."

ದೇವಕಮ್ಮನಿಗೆ ಹಳೆಯದು ನೆನಪಾಯಿತು. ಸಂತೆಯ ಚಹಾದಂಗಡಿಯೊಂದರಲ್ಲಿ ತನ್ನ ಕೇರಿಯ ಜನಕ್ಕೆಂದು ಛಾವಣಿಯ ಸಂದಿಯಲ್ಲಿ ಬೇರೆ ಲೋಟ ಇರುತ್ತಿತ್ತು. ತಾವೇ ತೆಗೆದು, ತಾವೇ ತೊಳೆದು, ಅಲ್ಲೇ ಸಿಕ್ಕಿಸಬೇಕು. ಪ್ಲಾಸ್ಟಿಕ್ ಲೋಟ ಬಂದ ಮೇಲೆ ಆ ಸಂದಿ ಖಾಲಿಯಾಯಿತು. ಈಗ ಭೇದ ಎಲ್ಲಿದೆ, ಎಲ್ಲರಿಗೂ ಒಂದೇ ಲೋಟ ಎಂದು ಊರು ಎದೆ ತಟ್ಟಿಕೊಂಡಿತು. ಆ ಭೇದದ ಹೊಲಸೇ ಈಗ ಪ್ಲಾಸ್ಟಿಕ್ ಲೋಟವಾಗಿ ತೂಬಿಗೆ ಬಂದು ಕೂತಿತ್ತು.

ಮರುದಿನ ಗೋಡೆಯ ಮೇಲೆ ಹಸಿರು ಅಕ್ಷರದ ಬೋರ್ಡು ಬಂತು: "ಪರಿಸರ ಉಳಿಸಿ. ಬಾಯಿ ಮುಕ್ಕಳಿಸಲು ನಿಮ್ಮ ಲೋಟ ನೀವೇ ತನ್ನಿ." ಹಲ್ಲು ತೋರಿಸಲು ಬಂದ ಮೇಷ್ಟರೊಬ್ಬರು ಅದರ ಫೋಟೊ ಹೊಡೆದುಕೊಂಡು ಭೇಷ್ ಎಂದರು. ಸ್ಟೀಲ್ ಲೋಟಗಳು ಡಬ್ಬದೊಳಗೆ ಸೇರಿ ಕಪಾಟಿನ ಮೇಲೆ ಹೋದವು.

"ಪ್ಲಾಸ್ಟಿಕ್ಕೂ ಹೋತು, ತಕರಾರೂ ಹೋತು," ಎಂದರು ಡಾಕ್ಟರು, ಆಕೆಯ ಮುಖ ನೋಡದೆ. "ನೀ ಇನ್ನ ಮ್ಯಾಲ ಪಡದೆ ಹಾಕ್ಕೊಂಡು ಒಳಗ ತೊಳಿ. ಮಂದಿ ಎದುರಿಗಿ ಬ್ಯಾಡ. ಮತ್ತೊಮ್ಮಿ ಗದ್ದಲ ಆದ್ರ ನಿನ್ನ ಹೊರಗ ಕಸ ಹೊಡಿಯೋ ಕೆಲಸಕ್ಕ ಹಾಕಬೇಕಾಗ್ತದ."

ಥೂ! ಗೌಡರ ಮೇಲೆ ಬಂದದ್ದಕ್ಕಿಂತ ಹೆಚ್ಚು ಅಸಹ್ಯ ಆಕೆಗೆ ಆ ಬೋರ್ಡಿನ ಮೇಲೆ ಬಂತು. ಕಾಲುವೆಗಾಗಿ ತಾನು ಹೇಳಿದ ಮಾತನ್ನೇ ತನ್ನನ್ನು ಮರೆಮಾಚಲು ಗೋಡೆಗೆ ಅಂಟಿಸಿದ್ದರು. ಐದು ದಿನ ಪರದೆಯ ಹಿಂದೆ ಕಳ್ಳತನ ಮಾಡುವವಳಂತೆ ನಿಂತು ಇಕ್ಕಳ, ಕನ್ನಡಿ ತೊಳೆದಳು. ನಲ್ಲಿಯ ಸದ್ದು ಹೊರಗೆ ಕೇಳದಂತೆ ನೀರು ಸಣ್ಣಗೆ ಬಿಡುವುದನ್ನೂ ಕಲಿತಳು, ಕಲಿತದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಆರನೆಯ ದಿನ ಸಾಹೇಬಗೌಡರು ಹಲ್ಲು ಕೀಳಿಸಲು ಬಂದರು. ಮನೆಯಿಂದ ತಂದ ದಪ್ಪನೆಯ ತಾಮ್ರದ ಲೋಟವನ್ನು ಕುರ್ಚಿಯ ಪಕ್ಕದ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರು. ಸೂಜಿಯಾಯಿತು, ತುಟಿ ಜೋಮು ಹಿಡಿಯಿತು. ಡಾಕ್ಟರು ಹಿಂದಕ್ಕೆ ಕೈ ಚಾಚಿದರು.

ದೇವಕಮ್ಮ ಪರದೆ ಸರಿಸಿ ಹೊರಗೆ ಬಂದಳು. ತಾಮ್ರದ ಲೋಟವನ್ನು ಕೈಯಿಂದ ಅತ್ತ ಸರಿಸಿ ಟ್ರೇ ಇಟ್ಟಳು. ಇಕ್ಕಳ ಎತ್ತಿಕೊಂಡಳು, ಕೊಡಲಿಲ್ಲ.

"ಗಿಲಾಸ ಮನಿಯಿಂದ ತಂದೀರಿ, ಚಲೋ ಆತು ಗೌಡ್ರ. ಇಕ್ಕಳ ತಂದೀರೇನ್ರಿ?"

ಗೌಡರು ಪಿಳಿಪಿಳಿ ನೋಡಿದರು.

"ಇದು ನಾ ತೊಳದದ್ದು. ಹೋದ ಸಲ ನಿಮ್ಮ ಬಾಯಾಗ ಇಟ್ಟ ಕನ್ನಡೀನೂ ನಾನೇ ತೊಳದದ್ದು. ಎಂಟು ವರ್ಷ ಆತು, ಈ ಕುರ್ಚಿ ಮ್ಯಾಲ ಕುಂತವರ ಬಾಯಾಗ ಹೋಗೋ ಸಾಮಾನೆಲ್ಲ ನನ್ನ ಕೈಯಾಗ ತೊಳದದ್ದೇ. ಹೇಸಿಕಿ ಅನಸಿದ್ರ ಈಗ ಹೇಳ್ರಿ. ಬ್ಯಾರೆ ದವಾಖಾನಿಗಿ ಹೋಗಾಕ ಸುರಪುರ ಬಸ್ಸು ಇನ್ನಾ ನಿಂತದ."

"ದೇವಕಮ್ಮ!" ಎಂದರು ಡಾಕ್ಟರು. ಆಕೆ ಜಗ್ಗಲಿಲ್ಲ. ಹೋದರೆ ಕೆಲಸ ಹೋಗಲಿ ಎಂದು ಬೆಳಿಗ್ಗೆ ಬುದ್ಧನ ಮುಂದೆಯೇ ತೀರ್ಮಾನಿಸಿ ಬಂದಿದ್ದಳು.

ಗೌಡರು ಡಾಕ್ಟರ ಕಡೆ ತಿರುಗಿ ತೊದಲಿದರು. "ಬ್ಯಾರೇದು ಇಲ್ಲೇನ್ರಿ?"

ಮರಿಲಿಂಗಪ್ಪನವರು ಹಸಿರು ಬೋರ್ಡಿನ ಕಡೆ ಒಮ್ಮೆ, ಆಕೆಯ ಕೈಯ ಕಡೆ ಒಮ್ಮೆ ನೋಡಿದರು. ಕಿವಿ ಕೆಂಪಗಾಗಿದ್ದವು.

"ಇಲ್ರಿ. ಎಲ್ಲಾ ಆಕೀನೇ ತೊಳಿತಾಳ. ನಾ ತೊಳದ್ರ ಇಷ್ಟು ಸ್ವಚ್ಛ ಆಗಂಗಿಲ್ಲ."

ಗೌಡರು ಕಣ್ಣು ಮುಚ್ಚಿ ಬಾಯಿ ತೆರೆದರು.

ಹಲ್ಲು ಬಂತು, ಬೇರುಸಮೇತ. ಮುಕ್ಕಳಿಸಲು ಗೌಡರ ಕೈ ತಾಮ್ರದ ಲೋಟದತ್ತ ಹೋಯಿತು, ಯಾರು ಸರಿಸಿದ್ದೆಂದು ನೆನಪಾಗಿ ಅಲ್ಲೇ ನಿಂತಿತು. ಬರೀ ಉಗುಳಿ, ಹತ್ತಿ ಕಚ್ಚಿಕೊಂಡು ಎದ್ದರು. "ಗೌಡ್ರ, ನಿಮ್ಮ ಗಿಲಾಸ!" ಎಂದು ದೇವಕಮ್ಮ ಕೂಗಿದರೆ ತಿರುಗಿಯೂ ನೋಡದೆ ಬೇಡವೆಂದು ಕೈಯಾಡಿಸಿ ಹೊರಟೇ ಹೋದರು. ಆಕೆ ತೊಳೆದ ಇಕ್ಕಳ ಒಸಡಿನೊಳಗೆ ಹೋಗಿ ಬಂದಿತ್ತು, ಆಕೆ ಮುಟ್ಟಿದ ಲೋಟ ಮನೆಗೆ ಹೋಗುವಂತಿರಲಿಲ್ಲ. ಆ ಎಂಟು ವರ್ಷದಲ್ಲಿ ದವಾಖಾನೆಯೊಳಗೆ ಮೊದಲ ಬಾರಿ ಆಕೆಗೆ ವಾಕರಿಕೆ ಬಂತು.

ಮುಖ ತೊಳೆದುಕೊಂಡು ಬಂದು, ಕಪಾಟಿನ ಮೇಲಿನ ಡಬ್ಬ ಇಳಿಸಿದಳು. ಐವತ್ತು ಸ್ಟೀಲ್ ಲೋಟಗಳ ಜೊತೆ ತಾಮ್ರದ್ದನ್ನೂ ತಿಕ್ಕಿ ಕುಕ್ಕರಿಗೆ ಹಾಕಿದಳು. ಡಾಕ್ಟರು ಪರದೆಯನ್ನು ತಾವೇ ಬಿಚ್ಚಿ ಮಡಚಿಟ್ಟರು.

ಮರುದಿನ, ಕಿತ್ತ ಹಲ್ಲಿನ ಜಾಗದ ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದ ಮಾಳಮ್ಮನಿಗೆ ಆ ತಾಮ್ರದ ಲೋಟವೇ ಸಿಕ್ಕಿತು. ಮುದುಕಿ ಅದನ್ನು ಕೈಯಲ್ಲಿ ತೂಗಿ ನೋಡಿದಳು.

"ಭಾಳ ವಜನ ಅದಲ್ಲ. ಯಾರದವ್ವ?"

"ಸಾಹೇಬಗೌಡ್ರದು," ಎಂದಳು ದೇವಕಮ್ಮ, ನಲ್ಲಿ ಪೂರ್ತಿ ತಿರುಗಿಸುತ್ತ. "ಹಲ್ಲೂ ಇಲ್ಲೇ ಬಿಟ್ಟಾರ, ಗಿಲಾಸೂ ಇಲ್ಲೇ ಬಿಟ್ಟಾರ. ಹೇಸಿಕಿ ಒಂದು ಮಾತ್ರ ಜ್ವಾಕಿಲೆ ಮನಿಗಿ ಒಯ್ದಾರ."